ರೊಟ್ಟಿ ಬಡಿತದ ಕ್ಯಾಸೆಟ್

ಕೊಟ್ಟೂರಿನಲ್ಲಿ ನಾನು ಶಾಲೆ ಮೇಷ್ಟ್ರಾಗಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಟೈಲರ್ ಇದ್ದರು. ತಂಬ್ರಹಳ್ಳಿ ಕಡೆಯವರು. ತಾವೇ ಹಾಡು ಕಟ್ಟಿ, ಹಾರ್ಮೋನಿಯಂ ಹಿಡಿದು ಹಾಡುತ್ತಿದ್ದರು. ಅದು ಎಂಬತ್ತರ ದಶಕ; ಇಡೀ ಓಣಿಯಲ್ಲಿ ಟೇಪ್ ರೆಕಾರ್ಡರ್ ಇದ್ದದ್ದು ನನ್ನೊಬ್ಬನ ಹತ್ತಿರ. ಹುಬ್ಬಳ್ಳಿಯ ಕ್ಯಾಸೆಟ್ ಕಂಪನಿಯೊಂದು ಮೊದಲು ಸ್ಯಾಂಪಲ್ ಕಳಿಸಿ ಎಂದಾಗ, ಹೊಸ ಖಾಲಿ ಕ್ಯಾಸೆಟ್ ಒಂದನ್ನು ತೆಗೆದುಕೊಂಡು ಅವರು ನೇರ ನನ್ನ ಬಾಗಿಲಿಗೆ ಬಂದರು.

ಭಾನುವಾರ ಬೆಳಿಗ್ಗೆ ಅವರ ಮನೆಯಲ್ಲೇ ಕೂತೆವು. ಒಳಗೆ ಅವರ ಹೆಂಡತಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಸದ್ದು ಸೇರುತ್ತದೆಂದು ನಿಲ್ಲಿಸಲು ಹೇಳಿದ್ದೇ ತಡ, ಈ ಮಹಾಶಯರಿಗೆ ಪಲ್ಲವಿಯೇ ಹಿಡಿತಕ್ಕೆ ಸಿಗಲೊಲ್ಲದು. ಹಾಡು ಕಟ್ಟುತ್ತಿದ್ದದ್ದೆಲ್ಲ ರೊಟ್ಟಿ ಬಡಿಯುವ ಹೊತ್ತಿನಲ್ಲಿ. ಆ ಬಡಿತವೇ ತಮ್ಮ ತಾಳವೆಂದು ಅವರಿಗೇ ಗೊತ್ತಿರಲಿಲ್ಲ. ಮತ್ತೆ ಮತ್ತೆ ತಪ್ಪಿ, ಬೆವರಿ, ಕೊನೆಗೆ ಅಡುಗೆಮನೆ ಕಡೆ ತಿರುಗಿ, "ನೀ ಬಡಿ, ಬಡಿ" ಎಂದರು. ಆಮೇಲೆ ಸರಾಗವಾಯಿತು. ಒಂದು ಹಾಡಿನಲ್ಲಿ ಮುಂದಿನ ಸಾಲು ಹೊಳೆಯದೆ ತಡವರಿಸಿದಾಗ ಒಳಗಿನಿಂದಲೇ ಆಕೆ, "ಹೊತ್ತು ಮುಳುಗಿದ್ರೂ ಕುರಿ ಬರಲಿಲ್ಲ ಅನ್ರಿ" ಎಂದರು. ಅವರು ಹಾಗೇ ಹಾಡಿ ಮುಂದೆ ಹೋದರು.

ಸಂಜೆ ನನ್ನ ಮನೆಯಲ್ಲಿ ಹಾಕಿ ಕೇಳಿದಾಗ ಅವರಿಗೆ ನಾಚಿಕೆ. "ಇದನ್ನ ಹೆಂಗ ಕಳಿಸೋದು ಮೇಷ್ಟ್ರೇ? ಅಡಿಗಿಮನಿ ಎಲ್ಲಾ ಬಂದೈತಿ." ಮುಂದಿನ ವಾರ ಹೆಂಡತಿಯನ್ನು ಆಕೆಯ ಅಕ್ಕನ ಮನೆಗೆ ಕಳಿಸಿ, ಹರಪನಹಳ್ಳಿಯಿಂದ ತಬಲಾದವರನ್ನು ಕರೆಸಿ, ಬಾಗಿಲು ಹಾಕಿಕೊಂಡು ಬೇರೆ ಕ್ಯಾಸೆಟ್ಟಿಗೆ ಹಾಡಿದರು. ಕಂಪನಿ ಒಪ್ಪಿತು. ಕೂಡ್ಲಿಗಿ, ಹಡಗಲಿ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲೂ ಅವರ ಹಾಡು ಕೇಳಿಸತೊಡಗಿತು. ಕವರಿನ ಮೇಲೆ ರಚನೆ, ಸಂಗೀತ, ಗಾಯನ ಎಲ್ಲದಕ್ಕೂ ಅವರೊಬ್ಬರದೇ ಹೆಸರು.

ನನಗಂತೂ ಆ ಕ್ಯಾಸೆಟ್ ಹಿಡಿಸಲಿಲ್ಲ. ಫೋಟೋ ಸ್ಟುಡಿಯೋದಲ್ಲಿ ಕತ್ತಿನ ಗುಂಡಿವರೆಗೂ ಹಾಕಿಕೊಂಡು ನಿಂತವರ ಹಾಗೆ ಹಾಡಿದ್ದರು. ನನ್ನ ಬಳಿಯೇ ಉಳಿದಿದ್ದ ಮೊದಲನೆಯದನ್ನು ಮಾತ್ರ ಶಾಲೆ ಬಿಟ್ಟು ಬಂದು ಚಹಾ ಕುಡಿಯುತ್ತಾ ಕೇಳುತ್ತಿದ್ದೆ. ಮುಗಿದ ಹಾಡಿಗೆ ಕೇಳುವವರ ಹಂಗಿಲ್ಲ. ಇದು ಹಾಗಲ್ಲ. ಅವರು ತಡವರಿಸುವ ಜಾಗ ಬಂದಾಗಲೆಲ್ಲ, ಸಾಲು ಸಿಗುತ್ತದೆಂದು ಗೊತ್ತಿದ್ದೂ, ಕೈಯಲ್ಲಿನ ಲೋಟ ಅಲ್ಲೇ ನಿಲ್ಲುತ್ತಿತ್ತು. ಅದು ನನಗೆ ಬೇಕಾಗಿತ್ತು.

ಒಂದು ದಿನ ಗಂಡ ಹೆಂಡತಿ ಇಬ್ಬರೂ ಬಂದರು. "ಕಂಪನಿಯವರು ಹೊಸಾ ಸ್ಯಾಂಪಲ್ ಕೇಳ್ಯಾರ. ಆ ಹಳೇ ಕ್ಯಾಸೆಟ್ ಸುಮ್ಮನ ಬಿದ್ದೈತಲ್ಲ, ಅದರ ಮ್ಯಾಲೇ ಹಾಡಿಬಿಡ್ತೀನಿ" ಎಂದರು. ಮಷೀನು ಕೆಟ್ಟಿದೆ ಎಂದು ಏನೇನೋ ಬಡಬಡಿಸಿದೆ, ಅವರು ನಕ್ಕರು. ಕ್ಯಾಸೆಟ್ ಅವರದು, ನನ್ನದೇನು ಹಕ್ಕು? ಅಳಿಸುವ ಮೊದಲು ಒಂದು ಸಲ ಕೇಳೋಣ ಎಂದು ಹಾಕಿದೆ.

ಆಕೆ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಬಾಗಿಲ ಬಳಿ ನಿಂತಿದ್ದವರು ತಮ್ಮದೇ ದನಿ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡರು. ಹಾಡು ಮುಗಿಯಿತು.

"ಇದರಾಗ ನಾನೂ ಅದೀನಿ" ಎಂದರು ಮೆಲ್ಲಗೆ. ಆಮೇಲೆ ಗಂಡನಿಗೆ, "ಇರ್ಲಿ ಬಿಡ್ರಿ, ಹೊಸಾವು ಹಾಡ್ರಿ. ನಾ ಅಕ್ಕನ ಮನಿಗೆ ಹೋಗಿರ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಳ್ಳಲು ಹೊರಟರು. ಕೋಪದಿಂದಲ್ಲ, ಹಾಡಬೇಕಾದರೆ ತಾನು ಮನೆಯಲ್ಲಿರಬಾರದು ಎಂದೇ ಆಕೆ ನಂಬಿದ್ದರು.

ಟೈಲರ್ ಮಷೀನಿನಿಂದ ಕ್ಯಾಸೆಟ್ ತೆಗೆದರು. ನನ್ನ ಕಡೆ ನೋಡಿ, "ಅಳಿಸಾಕ ಬರದಂಗ ಏನೋ ಮುರೀತಾರಲ್ಲ, ಎಲ್ಲೈತಿ ಅದು?" ಎಂದರು. ಕ್ಯಾಸೆಟ್ಟಿನ ಅಂಚಿನಲ್ಲಿದ್ದ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ತೋರಿಸಿದೆ. ಎರಡನ್ನೂ ಉಗುರಿನಿಂದ ಮುರಿದು, ಎದ್ದು ಹೋಗಿ ಹೆಂಡತಿಯ ಕೈಯಲ್ಲಿಟ್ಟರು.

"ನಿಂದು ಇದು" ಎಂದರು.

ಅವರ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಆದರೂ ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದರು. ನನಗೆ ಹೊಟ್ಟೆ ಉರಿಯಿತು. ಇಲ್ಲೇ ಇರಲಿ ಕೊಡಿ ಎನ್ನಲು ಮಾತ್ರ ಬಾಯಿ ಬರಲಿಲ್ಲ.