ಪೊನ್ನಿ ಎರಡು ಸಲ ಹೇಳಿದ್ದಳು

1962. ಮದರಾಸಿನ ಪೆರಂಬೂರಿನ ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ನಾನು ಆಯಾ. ಊರು ಕುಂದಾಪುರದ ಕಡೆ, ಓದಿದ್ದು ಎರಡನೇ ಕ್ಲಾಸು. ಗಂಡ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರು. ಮೂವತ್ತು ಮಕ್ಕಳ ತಲೆ ಬಾಚಿ, ಬಡಿಸಿ, ಮಲಗಿಸುವುದು ನನ್ನ ಕೆಲಸ. ಅಯ್ಯೋ, ಆ ಮಕ್ಕಳೆಂದರೆ ನನಗೆ ಪ್ರಾಣ!

ಪ್ರಿನ್ಸಿಪಾಲರು ರಾಜಮ್ಮನವರು, ಮದರಾಸಿನಲ್ಲೇ ಹುಟ್ಟಿ ಬೆಳೆದ, ಮನೆಮಾತು ಕನ್ನಡದ ಅಯ್ಯಂಗಾರ್ ಮನೆತನದವರು. ಆಗ ಕಲಿಸುತ್ತಿದ್ದದ್ದು ಲಿಪ್ ರೀಡಿಂಗ್: ಎದುರಿನವರ ತುಟಿ ನೋಡಿ ಮಾತು ತಿಳಿಯಬೇಕು, ಬಾಯಿಂದಲೇ ಉತ್ತರಿಸಬೇಕು. ಕೈಸನ್ನೆ ಮಾಡಿದರೆ ಬೆರಳಿಗೆ ಸ್ಕೇಲಿನ ಏಟು. ಸನ್ನೆಗೆ ಉತ್ತರ ಕೊಟ್ಟ ಆಯಾಗೆ ಕೆಲಸವಿಲ್ಲ. ಆದರೂ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಮಕ್ಕಳು ನನಗೆ ಕೈಮಾತು ಕಲಿಸಿಬಿಟ್ಟಿದ್ದವು.

ಆ ವರ್ಷ ನಮ್ಮ ಬೀದಿಗೆ ಡಿಫ್ತೀರಿಯಾ ಬಂತು. ಗಂಟಲಲ್ಲಿ ಪೊರೆ ಕಟ್ಟಿ ಉಸಿರು ನಿಲ್ಲಿಸುವ ರೋಗ. ಬೇಗ ಗೊತ್ತಾದರೆ ಇಂಜೆಕ್ಷನ್ನಿನಿಂದ ಉಳಿಸಬಹುದು. ದೊಡ್ಡವರೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ಡಾಕ್ಟರು ಹೇಳಿದರು. ಕಟ್ಟಿಕೊಂಡೆವು. ಮಕ್ಕಳಿಗೆ ನೋಡಲು ತುಟಿಯೇ ಇಲ್ಲದಾಯಿತು.

ಸೋಮವಾರ ಬೆಳಿಗ್ಗೆ ಏಳು ವರ್ಷದ ಪೊನ್ನಿ ಗಂಟಲಿಗೆ ಎರಡು ಬೆರಳಿಟ್ಟು ಮುಷ್ಟಿ ಕಟ್ಟಿದಳು. ನುಂಗಲಾಗುತ್ತಿಲ್ಲ ಎಂದು. ಪಕ್ಕದಲ್ಲೇ ರಾಜಮ್ಮನವರಿದ್ದರು, ನಾನು ಮುಖ ತಿರುಗಿಸಿದೆ. ಮಧ್ಯಾಹ್ನ ಮತ್ತೆ ತೋರಿಸಿದಳು. ಗಂಜಿ ಕುಡಿಸಿ ಮಲಗಿಸಿದೆ, ಯಾರಿಗೂ ಹೇಳಲಿಲ್ಲ. ಮಂಗಳವಾರ ಉಸಿರು ಗೊರಗೊರ ಎಂದಮೇಲೆಯೇ ಅವಳು ಆಸ್ಪತ್ರೆಗೆ ಹೋದದ್ದು. ಆಗ ರಾಜಮ್ಮನವರೆದುರು ಅಳುತ್ತಾ ಎಲ್ಲ ಒಪ್ಪಿಕೊಂಡೆ.

“ನಿನ್ನೆಯೇ ಗೊತ್ತಿತ್ತಾ ಆಯಾ? ಯಾಕೆ ಹೇಳ್ಲಿಲ್ಲ?”

“ನೀವೇ ಅಲ್ದಾ ಅಮ್ಮ ಹೇಳದ್ದ್, ಕೈಮಾತಿಗ್ ಉತ್ರ ಕೊಡುಕಾಗ ಅಂದೇಳಿ?”

ಅವರು ಸ್ಕೇಲನ್ನು ಕೆಳಗಿಟ್ಟರು. “ಸೀಕ್ರಂ ಬಾ, ಬೇಗ. ನಂಗೂ ಹೇಳ್ಕೊಡು.”

ಹಾಲ್‌ನಲ್ಲಿ ಮಕ್ಕಳೆದುರು ನಿಂತು ಗಂಟಲಿಗೆ ಬೆರಳಿಟ್ಟು, ಮುಷ್ಟಿ ಕಟ್ಟಿ, ಇನ್ನು ಯಾರಿಗೆಲ್ಲ ಹೀಗಿದೆ ಎಂದು ಹುಬ್ಬೇರಿಸಿ ಕೇಳಿದರು. ಮಕ್ಕಳು ಗಾಬರಿಯಿಂದ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡವು. ಪೊನ್ನಿಯ ಗೆಳತಿ ಸೆಲ್ವಿ ಮಾತ್ರ ಕಿಸಕ್ಕನೆ ನಕ್ಕು ಏನೋ ತೋರಿಸಿದಳು.

“ಏನಂತಾಳೆ?”

“ನಿಮ್ ಕೈ ತೊದಲತ್ತ್ ಅಂಬ್ರ್, ಅಮ್ಮ.”

ರಾಜಮ್ಮನವರು ಮತ್ತೆ ಮಾಡಿದರು, ಮತ್ತೆ ಮಾಡಿದರು. ಕೊನೆಗೆ ಮೂರು ಪುಟ್ಟ ಮುಷ್ಟಿಗಳು ಮೇಲೆದ್ದವು. ಅದೇ ಗಳಿಗೆಯಲ್ಲಿ ಆ ಮೂವರನ್ನೂ ಜಟಕಾ ಹತ್ತಿಸಿದೆವು. ಮೂವರೂ ಉಳಿದರು.

ಪೊನ್ನಿ ಬುಧವಾರ ತೀರಿಕೊಂಡಳು.

“ಹೋಗ್ಬಿಟ್ಲು ಅನ್ನೋದಕ್ಕೆ ಕೈಲಿ ಏನು?” ಎಂದು ರಾಜಮ್ಮನವರು ಕೇಳಿದರು. ತೋರಿಸಿಕೊಟ್ಟೆ. ಸೆಲ್ವಿಯ ಮುಂದೆ ಮಂಡಿಯೂರಿ ಅವರೇ ಅದನ್ನು ಹೇಳಿದರು. ಸೆಲ್ವಿ ನನ್ನ ಕಡೆ ಬೆರಳು ಮಾಡಿದಳು, ಗಂಟಲು ಮುಟ್ಟಿ ಮುಷ್ಟಿ ಕಟ್ಟಿದಳು, ಎರಡು ಬೆರಳೆತ್ತಿದಳು. ಅದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆ ಶಾಲೆಯಲ್ಲಿ ಮತ್ತೆ ಯಾರ ಬೆರಳಿಗೂ ಏಟು ಬೀಳಲಿಲ್ಲ.

ಮೊನ್ನೆ ನನ್ನ ಮೊಮ್ಮಗಳು ಅಂಥದೇ ಶಾಲೆಯೊಂದಕ್ಕೆ ಪ್ರಿನ್ಸಿಪಾಲ್ ಆದಳು! ಈ ಮುದುಕಿಯ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಬೀದಿಗೆಲ್ಲ ಪಾಯಸ ಹಂಚಿದೆ, ಗುರುತಿಲ್ಲದವರನ್ನೂ ನಿಲ್ಲಿಸಿ ಹೇಳಿದೆ. ಅವಳ ಕೆನ್ನೆ ಹಿಡಿದು ಮುದ್ದಿಟ್ಟು, ಹಾಸ್ಟೆಲಿನ ಆ ಕೆಲಸ ನನಗೆ ಕಲಿಸಿದ್ದನ್ನು ಅವಳಿಗೂ ಹೇಳಿದೆ:

“ಮಗಾ, ಮೊದ್ಲ್ ನಿನ್ ಆಯಾಗಳ ಹತ್ರ ಹೋಗ್. ಅವ್ರ್ ನಿಂಗ್ ಹೆದ್ರತ್ರಾ ಕೇಳ್. ನಾನ್ ಹೆದ್ರಿದ್ದೆ.”