ಸಿದ್ದಗಂಗಮ್ಮ ವಾಪಸ್ ಪಡೆದ ಅಳತೆ

ಬೆಳಕು ಹರಿಯಲು ಇನ್ನೂ ಅರ್ಧ ಗಂಟೆಯಿದೆ. ಹಾಲ್ಕುರಿಕೆಯ ಮನೆಯೊಂದರ ತಾರಸಿಯ ಮೇಲೆ ಸಿದ್ದಗಂಗಮ್ಮ ಕಂಬಳಿ ಹೊದ್ದು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಪಕ್ಕದ ದೂರದರ್ಶಕದ ಕ್ಯಾಮೆರಾ ನಿಮಿಷಕ್ಕೊಂದು ಚಿತ್ರ ತೆಗೆಯುತ್ತಿದೆ. ಇನ್ನೂರ ಎಂಬತ್ತನೆಯ ಚಿತ್ರ ಬಂದಾಗ ಅವರು ಎದ್ದು, ಗಾಜಿನ ಮೇಲೆ ಇಬ್ಬನಿ ಕೂತಿದೆಯೇ ಎಂದು ಬಗ್ಗಿ ನೋಡುತ್ತಾರೆ. ಇದು ಮುಗಿದ ಮೇಲೆ ತಮ್ಮ ಮನೆಗೆ ಹೋಗಿ ಮುದ್ದೆಗೆ ಎಸರಿಟ್ಟು, ಎಂಟೂವರೆಯ ಬಸ್ಸಿಗೆ ತಿಪಟೂರು ಸೇರಬೇಕು.

ಐವತ್ತೆರಡರ ಈಕೆ ಅಲ್ಲಿನ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್. ಓದಿದ್ದು ಎಸ್ಸೆಸ್ಸೆಲ್ಸಿ. ಇಪ್ಪತ್ತಾರು ವರ್ಷದಿಂದ ಲೆನ್ಸ್ ಒರೆಸಿ, ಉಪಕರಣ ಜೋಡಿಸಿ ಕೊಡುತ್ತಿದ್ದಾರೆ. "ಮಕ್ಳು ಮೊದ್ಲು ಉತ್ತರ ನೋಡ್ಕಂಡು ಆಮೇಲೆ ರೀಡಿಂಗ್ ಬರೀತವೆ ಕಣ್ರೀ. ದೂರದಿಂದ್ಲೇ ನಂಗೆ ಗೊತ್ತಾಗೋಯ್ತದೆ," ಎನ್ನುತ್ತಾರೆ.

ದೂರದರ್ಶಕ ಅದೇ ಕಾಲೇಜಿನ ನಿವೃತ್ತ ಉಪನ್ಯಾಸಕ ಸೂರ್ಯಪ್ರಕಾಶ್ ಅವರದು. ಅದನ್ನು ತಮ್ಮ ಮನೆಯ ಈ ತಾರಸಿಗೆ ಏರಿಸಿದ ವರ್ಷವೇ ಅವರಿಗೆ ಕೈ ನಡುಕ ಶುರುವಾಯಿತು. "ನನ್ನ ಕೈ ಮಾತು ಕೇಳ್ತಿಲ್ಲ ಗಂಗಮ್ಮ, ನೀನು ಬರ್ತೀಯಾ?" ಎಂದು ಕರೆದರು. ಆರು ವರ್ಷದಿಂದ ಆಕೆ ಬರುತ್ತಲೇ ಇದ್ದಾರೆ.

ಅವರು ನೋಡುವ ನಕ್ಷತ್ರಕ್ಕೆ ಹೆಸರಿಲ್ಲ, ನಂಬರು ಮಾತ್ರ. ವಯಸ್ಸು ಎರಡು ಕೋಟಿ ವರ್ಷ. ನಮ್ಮ ಸೂರ್ಯನ ಮುಂದೆ ಹಸುಗೂಸು. ಅದನ್ನು ಸುತ್ತುವ ದೈತ್ಯ ಗ್ರಹ ಕಣ್ಣಿಗೆ ಕಾಣುವುದಿಲ್ಲ. ಹದಿನೇಳು ದಿನಕ್ಕೊಮ್ಮೆ ಅದು ನಕ್ಷತ್ರದ ಮುಂದೆ ಹಾದಾಗ ಬೆಳಕು ನೂರರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. ಎಷ್ಟು ಕುಗ್ಗಿತು ಎಂಬುದರಿಂದ ಗ್ರಹದ ಗಾತ್ರ ತಿಳಿಯುತ್ತದೆ. ಆದರೆ ಹಾದುಹೋಗುವ ಹೊತ್ತು ಇಲ್ಲಿ ಹಗಲಾಗಿರಬಹುದು, ಮೋಡವಿರಬಹುದು. ಆರು ವರ್ಷದಲ್ಲಿ ಆದಿಯಿಂದ ಅಂತ್ಯದವರೆಗೆ ಸಿಕ್ಕಿದ್ದು ಎರಡೇ ಸಲ.

ಮೊದಲನೆಯದು ಹೋದ ವರ್ಷದ ಮಾರ್ಚಿನಲ್ಲಿ. ಗ್ರಹ ಎಲ್ಲರ ಅಂದಾಜಿಗಿಂತ ದೊಡ್ಡದಾಗಿ ಬಂತು. ಎಳೆಯ ಗ್ರಹ ಇನ್ನೂ ಬಿಸಿಯಾಗಿ ಉಬ್ಬಿರುವುದು ಸಹಜ, ಹಾಗಾಗಿ ಯಾರೂ ಅನುಮಾನಿಸಲಿಲ್ಲ. ಹವ್ಯಾಸಿಗಳಿಂದ ಇಂಥ ಅಳತೆಗಳನ್ನು ಒಟ್ಟುಮಾಡುವ ಸಂಶೋಧಕ ಮೋಹನ್ ಕುಮಾರ್, ಪ್ರಬಂಧದಲ್ಲಿ ಇಬ್ಬರ ಹೆಸರೂ ಬರುತ್ತದೆಂದರು. ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದ ಸೂರ್ಯಪ್ರಕಾಶ್ ಬಂದವರಿಗೆಲ್ಲ ಅದನ್ನೇ ಹೇಳಿದರು.

ಸಿದ್ದಗಂಗಮ್ಮನಿಗೆ ಸಮಾಧಾನವಿರಲಿಲ್ಲ. ಚಿತ್ರಗಳನ್ನು ಮತ್ತೆ ಒಂದೊಂದಾಗಿ ನೋಡಿದರು. ಚಿತ್ರದ ಅದೇ ಮೂಲೆಯಲ್ಲಿದ್ದ, ಗ್ರಹವೇ ಇಲ್ಲದ ಇನ್ನೊಂದು ನಕ್ಷತ್ರದ ಬೆಳಕೂ ಕುಗ್ಗಿತ್ತು. ಅಂದು ಗಾಳಿ ತಿರುಗಿ, ತೋಟದಾಚೆ ತೆಂಗಿನ ಚಿಪ್ಪು ಸುಡುವ ಗುಂಡಿಯ ಹೊಗೆ ಇತ್ತ ಬಂದಿತ್ತು. ಗ್ರಹವನ್ನು ಹಿಗ್ಗಿಸಿದ್ದು ಊರಿನ ಹೊಗೆ.

ಮೂರು ದಿನ ಬಾಯಿಬಿಡಲಿಲ್ಲ. ನಾಲ್ಕನೆಯ ದಿನ ಮಂಚದ ಪಕ್ಕ ಕೂತು ಹೇಳಿದರು. ಸೂರ್ಯಪ್ರಕಾಶ್ ಗೋಡೆಯತ್ತ ಮುಖ ತಿರುಗಿಸಿದರು. "ನೀನು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಎಂದರು.

"ನಿಮ್ಗೆ ಗೊತ್ತಾಗ್ದೇ ಇರ್ತಿತ್ತು ಸಾ. ನಂಗೆ ಗೊತ್ತಿತ್ತಲ್ಲ."

"ಆ ಅಳತೆ ತೆಗ್ಸಿಬಿಡು ಗಂಗಮ್ಮ."

ಮೋಹನ್ ಕುಮಾರ್ ಫೋನಿನಲ್ಲಿ ಎರಡು ಸಲ ಕೇಳಿದರು: "ಇದನ್ನ ತೆಗೆದ್ರೆ ನಿಮ್ಮಿಬ್ಬರ ಹೆಸರೂ ಹೋಗುತ್ತಮ್ಮ." ಆಕೆ ಹೂಂ ಎಂದರು. ಪ್ರಬಂಧ ಇವರಿಬ್ಬರ ಹೆಸರಿಲ್ಲದೆ ಅಚ್ಚಾಯಿತು. ಮುಂದಿನ ಸಲ ಆಕಾಶ ತಿಳಿಯಾಗುವ ಮೊದಲೇ, ಆಷಾಢದಲ್ಲಿ ಸೂರ್ಯಪ್ರಕಾಶ್ ತೀರಿಕೊಂಡರು. "ನಾನು ಹೇಳ್ದಿದ್ರೆ ಖುಸಿಯಾಗಿ ಹೋಗ್ತಿದ್ರೇನೋ," ಎನ್ನುವಾಗ ಸಿದ್ದಗಂಗಮ್ಮನ ದನಿ ಬೀಳುತ್ತದೆ. "ಒಂದೊಂದಿನ ಅದೇ ಯೋಚ್ನೆ. ಕೆಲ್ಸ ಮಾಡಕ್ಕೇ ಮನ್ಸು ಬರಲ್ಲ."

ಆದರೂ ತಾರಸಿ ಹತ್ತುತ್ತಾರೆ. ತಂದೆ ಹೋದ ಮೇಲೂ ಸೂರ್ಯಪ್ರಕಾಶ್ ಅವರ ಮಗಳು ಯೋಗಿತಾ ಮನೆಯ ಬೀಗದ ಕೈಯನ್ನು ಇವರ ಬಳಿಯೇ ಬಿಟ್ಟಿದ್ದಾರೆ. ಈ ಜನವರಿಯಲ್ಲಿ ಎರಡನೆಯ ಪೂರ್ಣ ಅಳತೆ ಸಿಕ್ಕಿತು: ಗ್ರಹ ನಮ್ಮ ಗುರುಗ್ರಹಕ್ಕಿಂತ ತುಸುವೇ ದೊಡ್ಡದು. ಅದರ ತೂಕವನ್ನು ಎಲ್ಲೋ ದೊಡ್ಡ ದೂರದರ್ಶಕದವರು ಅಳೆಯಬೇಕು. ಆ ಎಳೆಯ ನಕ್ಷತ್ರದ ಮೈತುಂಬ ಕಲೆ, ಬೆಳಕು ಸ್ಥಿರವಿಲ್ಲ. ತೂಕ ಸಿಗಲು ವರ್ಷಗಳೇ ಹಿಡಿಯಬಹುದು. ಅದು ಎಷ್ಟೆಂದು ಕೇಳಿಸಿಕೊಂಡರೆ ಸಾಕು ಎಂಬುದಷ್ಟೇ ಇವರ ಆಸೆ.

ಮೂಡಲು ಕೆಂಪಾಗಿ ನಕ್ಷತ್ರ ಅಳಿಸಿಹೋಗುತ್ತದೆ. ಸಿದ್ದಗಂಗಮ್ಮ ದೂರದರ್ಶಕಕ್ಕೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುತ್ತಾರೆ.

"ಜನವರೀಲಿ ಕಳ್ಸಿದ್ದನ್ನ ಮೋಹನ್ ಕುಮಾರ್ ಸಾ ಮತ್ತೆ ತಿರುಗಿಸಿ ಕೇಳ್ಲಿಲ್ಲ ಕಣ್ರೀ," ಎನ್ನುತ್ತಾರೆ. "ಗಂಗಮ್ಮ ಕಳ್ಸವ್ರೆ ಅಂತ ಹಂಗೇ ತಗಂಡ್ರು."