ಗುರುಶಾಂತಮ್ಮನ ಗೋಧಿ ಮಟನ್

ಗುರುಶಾಂತಮ್ಮನಿಗೆ ಮಟನ್ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಹುಟ್ಟಿದ ಮನೆಯಲ್ಲೂ ಇಲ್ಲ, ಕೊಟ್ಟ ಮನೆಯಲ್ಲೂ ಇಲ್ಲ; ಕೊರಳಲ್ಲಿ ಲಿಂಗ ಕಟ್ಟಿಕೊಂಡವಳಿಗೆ ಆ ಮಾತೇ ಬರುವುದಿಲ್ಲ. ಅಂಥವಳು ಮಾಡುವ ಮಟನ್ ಆಂಧ್ರದ ಗಡಿಯ ಆದವಾನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಹೆಸರು ಮಾಡಿತ್ತು. ಹುಬ್ಬೇರಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಅದು ಗೋಧಿ. ಬರೀ ಗೋಧಿ. ಆಮೇಲೆ ನನ್ನ ಮೇಲೆ ಬರಬೇಡಿ.

ಗಂಡ ಹೋದ ಮೇಲೆ ಆಕೆ ಮನೆಯ ಪಡಸಾಲೆಯಲ್ಲೇ ಊಟ ಹಾಕಲು ಶುರು ಮಾಡಿದ್ದಳು. ಜಿನ್ನಿಂಗ್ ಮಿಲ್ಲಿನ ಆಳುಗಳು ಮಧ್ಯಾಹ್ನ ಕೂದಲಿಗೆ, ಹುಬ್ಬಿಗೆ ಹತ್ತಿಯ ಎಳೆ ಅಂಟಿಸಿಕೊಂಡೇ ಬಂದು ಸಾಲಾಗಿ ಕೂರುತ್ತಿದ್ದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು. ಬಡವರ ಕೈಗೆಟಕುವ ಊಟ, ಆದರೆ ಹೊಟ್ಟೆ ತುಂಬ. ವಾರವೆಲ್ಲ ಖುಷಿಯಿಂದ ಉಣ್ಣುತ್ತಿದ್ದವರು ಭಾನುವಾರ ಬಂತೆಂದರೆ ಮುಖ ಗಂಟು ಹಾಕಿಕೊಂಡು ರೊಟ್ಟಿ ಮುರಿಯುತ್ತಿದ್ದರು.

ಅವರಲ್ಲಿ ಲಿಂಗಕ್ಕನದು ಎಲ್ಲರಿಗಿಂತ ದೊಡ್ಡ ಬಾಯಿ. ತುಂಗಭದ್ರೆಯ ದಂಡೆಯ ನಾಗಲದಿನ್ನೆಯವಳು, ಕುರಿ ಸಾಕುವ ಮನೆತನ. ಹತ್ತಿಯ ಸುಗ್ಗಿಯಲ್ಲಿ ಮಿಲ್ಲಿಗೆ ಬರುತ್ತಿದ್ದಳು.

"ಅಮ್ಮಾ, ನಮ್ಮ ಕುರಿ ಲಾರಿ ಹತ್ತಿ ಹೈದರಾಬಾದಿಗೆ ಹೊಂಟಾವ್ರಿ," ಎನ್ನುತ್ತಿದ್ದಳು. "ಸಾಕೋರು ನಾವು, ತಿನ್ನೋರು ಯಾರೋ. ಈಗಿನ ದರದಾಗ ನಮಗ ಮಟನ್ ಕನಸಿನಾಗ ಸೈತ ಬರವಲ್ದು."

ಗುರುಶಾಂತಮ್ಮನಿಗೆ ಇದು ಚುಚ್ಚುತ್ತಿತ್ತು. ತನ್ನ ಮನೆಯಲ್ಲಿ ಉಂಡವರು ಅರೆಮನಸ್ಸಿನಿಂದ ಎದ್ದು ಹೋಗುವುದೆಂದರೇನು? ಒಂದು ದಿನ ಸಂಡಿಗೆಗೆಂದು ಗೋಧಿ ಹಾಲು ತೆಗೆಯುತ್ತಿದ್ದಳು. ಹಿಟ್ಟು ಕಲಸಿ, ನೆನೆಸಿ, ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆದರೆ ಹಾಲೆಲ್ಲ ಹೋಗಿ ಕೈಯಲ್ಲಿ ಒಂದು ಜಿಗುಟು ಮುದ್ದೆ ಉಳಿಯುತ್ತದೆ. ಅದು ಯಾವಾಗಲೂ ಪಕ್ಕದ ಮನೆಯ ಎಮ್ಮೆಯ ಪಾಲು. ಕೈ ತೊಳೆಯಲು ಬಂದ ಲಿಂಗಕ್ಕ ಅದನ್ನು ಎಳೆದು ನೋಡಿ ಕಣ್ಣರಳಿಸಿದಳು.

"ಅಯ್ಯ ಅಮ್ಮಾ, ಇದು ಥೇಟ್ ಬೋಟಿ ಇದ್ದಂಗ ಐತಲ್ರಿ!"

ಬೋಟಿ ಎಂದರೆ ಕುರಿಯ ಕರುಳು ಎಂಬುದು ಗುರುಶಾಂತಮ್ಮನಿಗೆ ಗೊತ್ತಾಗಲು ಬಹಳ ದಿನ ಹಿಡಿಯಿತು. ಆಗ ಹೊಗಳಿಕೆ ಎಂದುಕೊಂಡಳು. ಎಮ್ಮೆಗೆ ಆ ದಿನ ಉಪವಾಸ.

ಅಲ್ಲಿಂದ ಶುರುವಾಯಿತು ಗೊಂದಲ. ಕಾಣದ ಊರಿಗೆ ದಾರಿ ಕೇಳಿದಂತೆ ಆಕೆ ಸಿಕ್ಕವರನ್ನೆಲ್ಲ ಕೇಳಿದಳು. ಲಿಂಗಕ್ಕ ಮೆತ್ತಗಿರಬೇಕು ಎಂದಳು. ಮಿಲ್ಲಿನಲ್ಲಿ ಹತ್ತಿಯ ಬೇಲ್ ಕಟ್ಟುವ ಆಂಜಿನೇಯ, ಹಲ್ಲಿಗೆ ಕೆಲಸ ಕೊಡದಿದ್ದರೆ ಅದೆಂಥ ಮಟನ್ ಎಂದ. ಒಬ್ಬರು ನಾರು ಬೇಕೆಂದರು, ಇನ್ನೊಬ್ಬರು ಕೊಬ್ಬು ಬೇಕೆಂದರು. ಆಕೆ ಜಿಗುಟು ಮುದ್ದೆಗೆ ಅಲಸಂದಿ ಹಿಟ್ಟು, ಕುಟ್ಟಿದ ಶೇಂಗಾ ಸೇರಿಸಿ ಬಟ್ಟೆಯಲ್ಲಿ ಕಟ್ಟಿ ಬೇಯಿಸಿದಳು. ತುಂಡು ಮಾಡಿ ಎಣ್ಣೆಯಲ್ಲಿ ಕೆಂಪಗೆ ಹುರಿದು, ಬಳ್ಳೊಳ್ಳಿ, ಗಸಗಸೆ, ಲವಂಗ, ಒಣಕೊಬ್ಬರಿ ಅರೆದ ಮಸಾಲೆಯಲ್ಲಿ ಕುದಿಸಿದಳು. ಎಲುಬಿಲ್ಲದೆ ರುಚಿಯೆಲ್ಲಿ ಎಂದು ಆಂಜಿನೇಯ ಗೊಣಗಿದ್ದಕ್ಕೆ ನುಗ್ಗೆಕಾಯಿ ಹಾಕಿದಳು. ಚೀಪಲು ಏನೋ ಒಂದಾಯಿತಲ್ಲ!

ರುಚಿ ನೋಡಿದಳೇ ಎಂದರೆ ಇಲ್ಲ. ಲಿಂಗಕ್ಕೆ ತೋರಿಸದ ತುತ್ತು ಆಕೆಯ ಬಾಯಿಗೆ ಹೋಗುವಂತಿಲ್ಲ. ಯಾವ ಅಡುಗೆಯನ್ನೂ ಒಲೆಯ ಮುಂದೆ ನಾಲಿಗೆಗೆ ಹಚ್ಚಿದವಳಲ್ಲ, ಉಪ್ಪೆಲ್ಲ ಕೈಯಂದಾಜು. ಬೇರೆ ಅಡುಗೆಯನ್ನು ಪೂಜೆಯಾದ ಮೇಲೆ ತಾನೂ ಉಣ್ಣುತ್ತಿದ್ದಳು. ಇದನ್ನು ಮಾತ್ರ ಲಿಂಗದ ಮುಂದೆ ಹಿಡಿಯಲು ಕೈ ಬರಲಿಲ್ಲ. ಗೋಧಿಯನ್ನು ಹಿಡಿದರೆ ತಪ್ಪಿಲ್ಲ. ಆದರೆ ಓಣಿಯೆಲ್ಲ ಮಟನ್ ಎಂದು ಕರೆಯುವ ಗೋಧಿಯನ್ನು? ಯಾರಾದರೂ ಕೇಳಿದರೆ ಹಲ್ಲು ನೋವೆನ್ನುತ್ತಿದ್ದಳು.

"ಹೆಂಗೈತಿ? ಮಟನ್ ಹಂಗ ಐತೇನು?" ಎಂದು ಮಾತ್ರ ಪ್ರತಿ ಭಾನುವಾರ ಸೌಟು ಹಿಡಿದು ಕೇಳುತ್ತಿದ್ದಳು.

"ಏನ್ ಕೇಳ್ತೀರಿ ಅಮ್ಮಾ! ನಮ್ಮ ಕುರೀನ ಕೊಯ್ದಂಗ ಐತಿ," ಎನ್ನುತ್ತಿದ್ದಳು ಲಿಂಗಕ್ಕ.

ಆ ಮಾತು ಕೇಳಿ ಗುರುಶಾಂತಮ್ಮ ಹಿಗ್ಗುತ್ತಿದ್ದಳು, ಮರುಗಳಿಗೆಯಲ್ಲೇ ಹಿಗ್ಗಿದ್ದಕ್ಕೆ ಹೆದರುತ್ತಿದ್ದಳು. ಕುರಿ ಕೊಯ್ದಂತಿದೆ ಎಂದರೆ ಜಂಗಮರ ಪಾದ ತೊಳೆದ ಮನೆಯ ಸೊಸೆ ಸಂತೋಷಪಡಬೇಕೋ, ಕಿವಿ ಮುಚ್ಚಿಕೊಳ್ಳಬೇಕೋ?

ಅಷ್ಟರಲ್ಲಿ ಕಾರ್ತೀಕ ಬಂತು. ಕಾರ್ತೀಕದ ಸೋಮವಾರಗಳಲ್ಲಿ ಮಠದಲ್ಲಿ ದಾಸೋಹ, ಬಂದವರಿಗೆಲ್ಲ ಊಟ. ಸಮಾಜದ ಒಂದೊಂದು ಮನೆಯಿಂದಲೂ ರೊಟ್ಟಿಯ ಬುಟ್ಟಿ ಹೋಗುತ್ತದೆ. ಗುರುಶಾಂತಮ್ಮ ಮದುವೆಯಾಗಿ ಬಂದ ವರ್ಷದಿಂದ ಒಮ್ಮೆಯೂ ತಪ್ಪಿಸಿದವಳಲ್ಲ. ವಿಧವೆಯಾದ ಮೇಲೆ ಆರತಿಗೆ ಕರೆಯುವುದನ್ನು ಬಿಟ್ಟರು, ತೊಟ್ಟಿಲಿಗೆ ಕರೆಯುವುದನ್ನು ಬಿಟ್ಟರು. ಬುಟ್ಟಿಯನ್ನು ಮಾತ್ರ ಯಾರೂ ಬೇಡವೆಂದಿರಲಿಲ್ಲ. ನಾಲ್ಕು ಜನರ ನಡುವೆ ಆಕೆಗೆ ಉಳಿದ ಜಾಗವೆಂದರೆ ಅದೊಂದೇ.

ಮೊದಲ ಸೋಮವಾರದ ಹಿಂದಿನ ಭಾನುವಾರ, ದಾಸೋಹದ ರೊಟ್ಟಿಯ ಮಾತು ಹೇಳಿ ಹೋಗಲು ನೆಗೆಣ್ಣಿ ಶೋಭಾರಾಣಿ ಬಂದಳು. ಅವಳ ಗಂಡ, ಗುರುಶಾಂತಮ್ಮನ ಮೈದುನ ಚಂದ್ರಣ್ಣ ಹತ್ತಿ ವ್ಯಾಪಾರಿ, ದಾಸೋಹದ ಉಸ್ತುವಾರಿಯೂ ಅವನದೇ. ಹಾಗಾಗಿ ಶೋಭಾರಾಣಿಯ ನಡಿಗೆಯಲ್ಲಿ ಸ್ವಲ್ಪ ಗತ್ತು. ಆಕೆ ಹೊಸ್ತಿಲಲ್ಲಿ ಚಪ್ಪಲಿ ಬಿಡುವುದಕ್ಕೂ, ಒಳಗೆ ಆಂಜಿನೇಯ ತಾಟಿನ ಮೇಲೆ ಕೈ ಅಡ್ಡ ಹಿಡಿಯುವುದಕ್ಕೂ ಸರಿಹೋಯಿತು.

"ವದ್ದಮ್ಮಾ, ವದ್ದು, ಬ್ಯಾಡ್ರಿ. ಕಾರ್ತೀಕ ಮಾಸಂ. ಮುಗಿಯೋ ತನಕ ನಾ ಮಟನ್ ಮುಟ್ಟಂಗಿಲ್ಲ."

"ಇದು ಗೋಧಿ ಅಲ್ಲೇನೋ ಹುಚ್ಚಪ್ಪ! ನಾ ತೊಳಿಯೋದು ನೀನ ನೋಡೀದಿ."

"ನೋಡೀನ್ರಿ. ಆದ್ರ ನಾಲಿಗಿಗೆ ತಿಳೀಬೇಕಲ್ರಿ? ಅದು ಮಟನ್ ಅಂತಾನ ತಿಂತೈತಿ. ಹರಕಿ ಮುರದಂಗ ಆಕೈತಿ. ಬರೇ ಚಟ್ನಿ ಹಾಕ್ರಿ."

ಗೋಧಿಗೆ ಕಾರ್ತೀಕ ಹಿಡಿದ ಗಂಡಸನ್ನು ಆದವಾನಿ ಬಿಟ್ಟು ಬೇರೆಲ್ಲಾದರೂ ನೋಡಿದ್ದೀರಾ? ಬೇರೆ ದಿನವಾಗಿದ್ದರೆ ಗುರುಶಾಂತಮ್ಮ ನಕ್ಕುಬಿಡುತ್ತಿದ್ದಳು. ಆದರೆ ಶೋಭಾರಾಣಿ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ಅವಳ ಕಣ್ಣು ಮಸಾಲೆಯ ಪಾತ್ರೆಯಿಂದ ತಾಟಿನಂಚಿನ ಚೀಪಿದ ನುಗ್ಗೆಯ ಚೂರುಗಳಿಗೆ ಹೋಯಿತು.

"ಅಕ್ಕಾ, ತಿನ್ನೋ ಮಂದೀನ ಮಾಂಸ ಅಂತ ಬಿಟ್ಟ ಮ್ಯಾಲೆ ನಾವೇನಂತ ತಿಳಕೋಬೇಕು?" ಎಂದವಳೇ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿದಳು.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡವೆನ್ನುತ್ತಾರೆ. ಗುರುಶಾಂತಮ್ಮನಾದರೋ ಮಜ್ಜಿಗೆಗೆ ಹೆಂಡದ ಹೆಸರನ್ನೇ ಇಟ್ಟು ಬಡಿಸಿದ್ದಳು. ದೂರುವುದಾದರೂ ಯಾರನ್ನು?

ಸೋಮವಾರ ನಸುಕಿನಲ್ಲೆದ್ದು ರೊಟ್ಟಿ ಬಡಿದು ಬುಟ್ಟಿ ಹೊತ್ತು ಮಠಕ್ಕೆ ಹೋದಳು. ಉಳಿದ ಬುಟ್ಟಿಗಳು ಒಳಗೆ ಹೋದವು. ಆಕೆಯದು ಕಟ್ಟೆಯ ಮೇಲೆಯೇ ಉಳಿಯಿತು.

ಚಂದ್ರಣ್ಣ ಮುಖ ಕೊಟ್ಟು ಮಾತಾಡಲಾರದೆ ಟವೆಲ್ ಹಿಂಡುತ್ತಿದ್ದ. "ಅತ್ತಿಗಿ, ತಪ್ಪು ತಿಳೀಬ್ಯಾಡ್ರಿ. ನಾ ಏನೂ ಅನ್ನಂಗಿಲ್ಲ. ನಾಕು ಮಂದಿ ಅಂತಾರ."

"ಚಂದ್ರಣ್ಣ, ಲಿಂಗದಾಣೆ, ಅದು ಗೋಧಿ ಐತಪ್ಪ."

"ಗೋಧಿ ಅಂತ ಹೆಂಗ ನಂಬೋದು?" ಶೋಭಾರಾಣಿ ಕೇಳಿದಳು.

"ನೀನ ತಿಂದು ನೋಡು."

"ಶಿವಾ ಶಿವಾ! ತಿಂದರೂ ನನಗೇನು ತಿಳೀತೈತಿ, ಮಾಂಸ ಹೆಂಗಿರ್ತೈತಿ ಅಂತ?"

ಕಟ್ಟೆಯ ಮೇಲಿದ್ದ ಸಮಾಜದವರಲ್ಲಿ ಅದನ್ನು ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಗುರುಶಾಂತಮ್ಮನಿಗೆ ಒಂದು ಕ್ಷಣ ತನ್ನ ಮೇಲೇ ಅನುಮಾನ ಬಂತು. ತಿನ್ನದವರಿಗೆ ಮಾಂಸವೆನಿಸಿತು, ತಿನ್ನುವವರಿಗೂ ಮಾಂಸವೆನಿಸಿತು. ತಾನೊಬ್ಬಳೇ ಗೋಧಿ ಎಂದರೆ ಅದು ಗೋಧಿಯಾಗಿ ಉಳಿದೀತೇ? ಕಣ್ಣು ತುಂಬಿ ಬುಟ್ಟಿ ಕಾಣದಾಯಿತು.

ದಾಸೋಹದ ಸಾಲಿನಲ್ಲಿ ನಿಂತಿದ್ದ ಲಿಂಗಕ್ಕ ಮುಂದೆ ಬಂದಳು.

"ಯಪ್ಪಾ, ನಾ ಕುರಿಯೋರ ಮನಿ ಮಗಳು. ಕುರಿ ನಡುವ ಹುಟ್ಟಿ, ಕುರಿ ತಿಂದು ಬೆಳದಾಕಿ. ನನ್ನ ಕೇಳ್ರಿ. ಈ ಅಮ್ಮ ಮಾಡೋದು ಮಟನ್ನೂ ಅಲ್ಲ, ಮಟನ್ನಿನ ನೆಳ್ಳೂ ಅಲ್ಲ. ಬರೇ ಜಿಗಟ ಹಿಟ್ಟು. ಜಗದೂ ಜಗದೂ ದವಡಿ ನೋಯ್ತಾವು. ಪಾಪ, ಮನಸ್ಸು ನೋಯಿಸಬಾರದಂತ ಹೌದ್ರಿ ಹೌದ್ರಿ ಅನಕೋಂತ ನುಂಗೀವಿ."

ಕಟ್ಟೆಯ ಮೇಲಿದ್ದವರು ಗೊಳ್ಳೆಂದರು. ಶೋಭಾರಾಣಿಯೂ ಸೆರಗು ಬಾಯಿಗಿಟ್ಟು ನಕ್ಕಳು. ತಲೆಭಾರ ಇಳಿದ ಚಂದ್ರಣ್ಣ ತಾನೇ ಬುಟ್ಟಿ ಎತ್ತಿ ಒಳಗೊಯ್ದ. ಗುರುಶಾಂತಮ್ಮನ ಮಾನ ಉಳಿಯಿತು, ಆದರೆ ಮುಖ ಮಾತ್ರ ಸುಟ್ಟ ರೊಟ್ಟಿಯಂತಾಗಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಆಟೋಗಳ ಗದ್ದಲದ ನಡುವೆ ಕೇಳಿಯೇಬಿಟ್ಟಳು.

"ಲಿಂಗಕ್ಕ, ಇವತ್ತು ಅಂದಿದ್ದು ಖರೆಯೋ, ಇಷ್ಟು ದಿನ ಅಂದಿದ್ದು ಖರೆಯೋ?"

"ರೊಟ್ಟಿ ಒಳಗ ಹೋತಲ್ರಿ ಅಮ್ಮಾ?"

"ಹೋತು."

"ಮತ್ತ್ಯಾಕ ಕೇಳ್ತೀರಿ?" ಎಂದು ಲಿಂಗಕ್ಕ ಮಿಲ್ಲಿನ ಕಡೆ ತಿರುಗಿದಳು.

ಅತ್ತ ದರಿ, ಇತ್ತ ಪುಲಿ. ಇಂದಿನ ಮಾತು ಸುಳ್ಳಾದರೆ ಮಠಕ್ಕೆ ಹೋದ ರೊಟ್ಟಿಗೆ ಸುಳ್ಳು ಅಂಟಿತು. ನಿಜವಾದರೆ ಇಷ್ಟು ಭಾನುವಾರ ತಾನು ಜನರ ದವಡೆ ನೋಯಿಸಿ ಅವರ ದಾಕ್ಷಿಣ್ಯಕ್ಕೆ ಹಿಗ್ಗಿದಂತಾಯಿತು. ಯಾವುದು ಕೆಟ್ಟದ್ದು ಎಂಬುದೂ ಆಕೆಗೆ ತಿಳಿಯಲಿಲ್ಲ. ಕಾರ್ತೀಕ ಮುಗಿಯುವವರೆಗೆ ಗೋಧಿ ತೊಳೆಯಲಿಲ್ಲ. ಬದನೆಕಾಯಿ ಪಲ್ಯ ಮಾಡಿದಳು; ಉಂಡವರು ಏನೂ ಅನ್ನಲಿಲ್ಲ. ಅನ್ನದಿದ್ದುದೂ ಆಕೆಗೆ ಒಗಟೇ ಆಯಿತು.

ಮಾಸ ಮುಗಿದ ಮೇಲಿನ ಭಾನುವಾರ ಬೆಳಗ್ಗೆ, ಬೇಡ ಬೇಡವೆಂದುಕೊಂಡೇ ಆಕೆಯ ಕೈ ಗೋಧಿ ಹಿಟ್ಟಿನ ಡಬ್ಬಿಗೆ ಹೋಯಿತು. ಮಧ್ಯಾಹ್ನ ಎಲ್ಲರಿಗಿಂತ ಮೊದಲು ಬಂದವನು ಆಂಜಿನೇಯ. ಮಿಂದು, ಹೊಸ ಅಂಗಿ ಹಾಕಿಕೊಂಡಿದ್ದ.

"ಮಾಸ ಮುಗೀತ್ರಿ ಅಮ್ಮಾ. ಮೊದಲ ತುತ್ತು ನಿಮ್ಮ ಮನ್ಯಾಗಂತ ಬಂದೀನಿ. ಮಟನ್ ಹಾಕ್ರಿ."

"ಮೆಲ್ಲಕ ಅನ್ನೋ, ನನ್ನ ರೊಟ್ಟಿ ಮತ್ತ ಕಟ್ಟೆ ಮ್ಯಾಲ ಉಳದೀತು!"

ಆತ ಕಣ್ಣು ಮುಚ್ಚಿ ಜಗಿದ. ಗುರುಶಾಂತಮ್ಮ ಲಿಂಗಕ್ಕನ ಕಡೆ ನೋಡಿದಳು. ದವಡೆ ನೋಯುತ್ತದೆಂದಿದ್ದ ಆ ಮಹಾತಾಯಿ ತಲೆಯೆತ್ತದೆ ಉಂಡು, ತಾಟನ್ನು ಮತ್ತೆ ಮುಂದೆ ನೂಕಿದಳು. ಇನ್ನು ತಡೆಯಲಾಗಲಿಲ್ಲ. ಒಂದು ತುಂಡು ಬಟ್ಟಲಿಗೆ ಹಾಕಿಕೊಂಡು ದೇವರ ಕೋಣೆಗೆ ಹೋದಳು. ಲಿಂಗವನ್ನು ಅಂಗೈಯಲ್ಲಿಟ್ಟು, ನೀನೇ ಕಂಡಂತೆ ಇದು ಗೋಧಿಯಪ್ಪಾ ಎಂದು ತೋರಿಸಿ, ಬಾಯಿಗಿಟ್ಟು, ನಿಧಾನವಾಗಿ ಜಗಿದಳು.

ಹೊರಗೆ ಬಂದಾಗ ಮುಖ ಕೆಂಪಾಗಿತ್ತು.

"ಹೆಂಗೈತ್ರಿ ಅಮ್ಮಾ?" ಲಿಂಗಕ್ಕ ಕೇಳಿದಳು. "ಮಟನ್ ಹಂಗ ಐತೇನು?"

"ಮಟನ್ ಹಂಗ ಐತೋ ಇಲ್ಲೋ ನನಗೇನು ಗೊತ್ತು? ಇದರಾಗ ಉಪ್ಪ ಇಲ್ಲಲ್ಲೇ! ಮೊದಲಿಂದನೂ ಹಿಂಗ ಐತೇನು?"

ಆಂಜಿನೇಯ ಜಗಿಯುವುದನ್ನು ನಿಲ್ಲಿಸಿದ.

"ಮೊದಲಿಂದನೂ ಹಿಂಗ ಐತ್ರಿ," ಎಂದಳು ಲಿಂಗಕ್ಕ ಮೆಲ್ಲಗೆ. "ನೀವು ಕೇಳಿದ್ದು ಮಟನ್ ಹಂಗ ಐತೇನಂತ. ಉಪ್ಪಿನ ಸುದ್ದಿ ಕೇಳಲಿಲ್ಲ."

ಗುರುಶಾಂತಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ; ಎರಡೂ ಒಟ್ಟಿಗೇ ಬಂದವು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಉಪ್ಪಿನ ಡಬ್ಬಿ ತಂದು, ಒಬ್ಬೊಬ್ಬರ ತಾಟಿನ ಮುಂದೆಯೂ ಬಗ್ಗಿ ಒಂದೊಂದು ಚಿಟಿಕೆ ಹಾಕುತ್ತ ಹೋದಳು.